ಆಂಟೆನಾ ಹಿಡಿದ ಕೈ

ನನ್ನ ಮೊಬೈಲಿನಲ್ಲಿ ಒಂದು ಫೋಟೋ ಇದೆ. ನೋಡಲು ಆಗುತ್ತಿಲ್ಲ, ಡಿಲೀಟ್ ಮಾಡಲು ಮನಸ್ಸು ಬರುತ್ತಿಲ್ಲ.

ಕಮಲಾಪುರದ ಬಸವಂತರಾಯ ಸರ್ ಶಾಲೆಯಲ್ಲಿ ನನಗೆ ವಿಜ್ಞಾನ ಕಲಿಸಿದವರು. ಲೈಸೆನ್ಸ್ ಪಡೆದ ಹ್ಯಾಮ್ ರೇಡಿಯೋ ಹವ್ಯಾಸಿ. ಪುಟ್ಟ ಉಪಗ್ರಹವೊಂದು (ಮನೆಯ ಮಿಕ್ಸರಿಗಿಂತ ದೊಡ್ಡದಲ್ಲ) ನೆತ್ತಿಯ ಮೇಲೆ ಹಾಯುವಾಗ ಅದರ ಮೂಲಕ ದೂರದ ಹವ್ಯಾಸಿಗಳ ಜೊತೆ ಮಾತಾಡುತ್ತಾರೆ. ಸಿಗುವುದು ಹತ್ತೇ ನಿಮಿಷ, ಆಮೇಲೆ ಅದು ಮುಳುಗಿಬಿಡುತ್ತದೆ.

ಮೂರು ತಿಂಗಳ ಹಿಂದೆ ಸರ್ ಫೋನ್ ಮಾಡಿದರು. ದನಿ ಒಡೆದಿತ್ತು.

"ನಾಳಿ ರಾತ್ರಿ ಹೈದರಾಬಾದಿಗೆ ಹೊಂಟೀನಪ್ಪ. ಗಂಟಲದಾಗ ಗಡ್ಡಿ ಆಗ್ಯದ. ಆಪರೇಷನ್ ಆದಮ್ಯಾಲ ದನಿ ಇರಂಗಿಲ್ಲಂತ. ಹೊರಡೂ ಮುಂಚೆ, ನಾಳಿ ಸಂಜಿಗೆ ಉಪಗ್ರಹ ಬರ್ತದ. ವಿಶಾಖಪಟ್ಟಣದ ಗೆಳೆಯಗ ನನ್ನ ದನಿಯಾಗೇ ಹೇಳ್ಬೇಕು. ಆಂಟೆನಾ ಹಿಡಿಯಾಕ ಬಾ."

"ಫೋನ್ ಮಾಡಿದ್ರ ಆಗಂಗಿಲ್ಲೇನ್ರೀ ಸರ?"

"ಹನ್ನೊಂದು ವರ್ಷ ಅಂವನ ಜೋಡಿ ಮ್ಯಾಲಿಂದಾನೇ ಮಾತಾಡೀನಿ. ನಂಬರ್ ಕೇಳೇ ಇಲ್ಲ."

ಮರುದಿನ ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಆಟೋಗಳ ನಡುವೆ ನುಸುಳಿ, ಬಸ್ ಹಿಡಿದು, ಹೇಳಿದ ಹೊತ್ತಿಗಿಂತ ಮುಂಚೆಯೇ ತಲುಪಿದೆ. (ನನ್ನ ಬೆನ್ನು ನಾನೇ ತಟ್ಟಿಕೊಂಡೆ.)

ಮಾಳಿಗೆಯ ಮೇಲೆ ಸರ್ ನನ್ನ ಕೈಗೆ ಆಂಟೆನಾ ಕೊಟ್ಟರು. "ನಾ ತೋರ್ಸಿದ ಕಡೆ ಮೆಲ್ಲಗ ತಿರುಗಿಸ್ಕೋತ ಹೋಗು. ಅದರ ಮುಖ ತಪ್ಪಿದ್ರ ಎಲ್ಲಾ ಹೋತು."

ಗೆಳೆಯ ರೇಡಿಯೋದಲ್ಲಿ ಸಿಕ್ಕರು. ಸರ್ ಮುಖ ಅರಳಿತು. ಕುಶಲ ಕೇಳಿ, ಆ ಮಾತು ಶುರು ಮಾಡಿದರು.

ನನಗೋ, ಎಂಥ ದೃಶ್ಯ ಅನ್ನಿಸಿತು. ಪತ್ರಿಕೆಗೆ ನಾನು ಬರೆಯುವ ಈ ಅಂಕಣಕ್ಕೆ ಹೇಳಿ ಮಾಡಿಸಿದ ಫೋಟೋ. ಒಂದು ಕೈಯಲ್ಲಿ ಆಂಟೆನಾ, ಇನ್ನೊಂದರಲ್ಲಿ ಮೊಬೈಲ್. ಕ್ಲಿಕ್. ಆಂಟೆನಾ ಪಕ್ಕದ ಮನೆಯ ನೀರಿನ ಟ್ಯಾಂಕಿನ ಕಡೆ ವಾಲಿತ್ತು. ರೇಡಿಯೋದಲ್ಲಿ ಬರೀ ಗೊರಗೊರ. ಮತ್ತೆ ಹುಡುಕುವಷ್ಟರಲ್ಲಿ ಉಪಗ್ರಹ ಮುಳುಗಿತ್ತು. ಒಂದೂವರೆ ತಾಸಿನ ನಂತರ ಅದು ಇನ್ನೊಂದು ಸುತ್ತು ಬಂದಾಗ ಸರ್ ಹೈದರಾಬಾದಿನ ಬಸ್ಸಿನಲ್ಲಿದ್ದರು.

ಮದುವೆಯಲ್ಲಿ ಅಕ್ಷತೆ ಹಾಕಬೇಕಾದ ಕೈಯಲ್ಲೂ ಈಗ ಮೊಬೈಲೇ ಅಲ್ಲವೇ? ಕಣ್ಣೆದುರು ನಡೆದರೆ ನಮಗೆ ಸಾಲದು, ಫೋಟೋ ಆಗಬೇಕು.

ಉಪಗ್ರಹ ಮುಳುಗಿದಾಗಲೂ ಸರ್ ಬೈಯಲಿಲ್ಲ. ಅವರ ಕಣ್ಣೆಲ್ಲ ರೇಡಿಯೋದ ಮೇಲಿತ್ತು, ನನ್ನನ್ನು ನೋಡಿರಲೇ ಇಲ್ಲ. "ಇರ್ಲಿ ಬಿಡಪ್ಪ. ಕೈ ಸೋತಿರ್ಬೇಕು."

"ಹೌದ್ರೀ ಸರ. ಭಾಳ ನೋಯ್ತು," ಅಂದುಬಿಟ್ಟೆ.

ಕಳೆದ ವಾರ ನೋಡಲು ಹೋಗಿದ್ದೆ. ಸರ್‌ಗೆ ದನಿ ಇಲ್ಲ, ಪಾಟಿಯ ಮೇಲೆ ಬರೆದು ತೋರಿಸುತ್ತಾರೆ. ಯಾರ ಜೊತೆ ಯಾವಾಗ ಮಾತಾಡಿದೆ ಎಂದು ಬರೆದಿಡುವ ಅವರ ಪುಸ್ತಕ ಪಕ್ಕದಲ್ಲಿತ್ತು. ಆ ಸಂಜೆಯ ಸಾಲು ಖಾಲಿ.

"ಬರ್ದುಬಿಡ್ರೀ ಸರ. ಅವರು ಕೇಳಿರ್ತಾರ."

ಸರ್ ಬೇಡವೆಂದು ತಲೆಯಾಡಿಸಿ ಪಾಟಿ ಎತ್ತಿಕೊಂಡರು. 'ಕೇಳಿದೆ ಅಂತ ಅಂವ ತಿರುಗಿ ಹೇಳಿಲ್ಲ. ಖರೆ ಇದ್ದಷ್ಟೇ ಬರೀಬೇಕು.'

ಸರ್ ಅದನ್ನು ಒರೆಸಿ ಮತ್ತೆ ಬರೆದರು. 'ನಿನ್ನ ಕೈನೋವು ಹ್ಯಾಂಗದ?'

ಅಲ್ಲಿ ಬಾಯಿ ಬರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ: ನನ್ನ ಕೈ ಆವತ್ತೂ ಚೆನ್ನಾಗಿಯೇ ಇತ್ತು, ಸರ್.