ಭಾಗೀರತ್ತೆಯ ಅಂಗೈ

ಭಾಗೀರತ್ತೆ ಭಜನೆಗೆ ಚಪ್ಪಾಳೆ ತಟ್ಟಿದರೆ ಎರಡು ಮಣೆ ಬಡಿದಂತೆ ಸದ್ದಾಗುತ್ತಿತ್ತು. ಅಪ್ಪನ ತಂಗಿ ಅವಳು. ಹುಟ್ಟಿದ ವರ್ಷದಿಂದಲೇ ಅಂಗೈ, ಅಂಗಾಲಿನ ಚರ್ಮ ಹಳದಿಗಟ್ಟಿ ದಪ್ಪವಾಗಿತ್ತು. ಚಳಿಗಾಲದಲ್ಲಿ ಬಿರಿದು ರಕ್ತ ಬರುತ್ತಿತ್ತು. ಅಪ್ಪನದೂ ಅದೇ ಕೈ, ನನ್ನದೂ ಅದೇ. ಆದರೆ ಊರು ಅಪ್ಪನದನ್ನು ದುಡಿದ ಕೈ ಎಂದಿತು, ಅತ್ತೆಯದನ್ನು ನಾಗದೋಷ ಎಂದಿತು. ಈ ನ್ಯಾಯ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಶಿರಸಿಯ ಚರ್ಮದ ಡಾಕ್ಟರು ವಿವರಿಸಿದ್ದನ್ನು ಅತ್ತೆ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. "ಚರ್ಮದಲ್ಲಿ ಕೆರಟಿನ್ ಹೇಳಿ ಒಂದು ಪ್ರೊಟೀನ್ ಇದ್ದಡ. ಎಂಗಳ ಮನೆಯವಕ್ಕೆ ಅದು ಹುಟ್ತಾನೇ ಹದ ತಪ್ಪಿದ್ದು. ಅದಕ್ಕೆ ನಾಗಪ್ಪ ಎಂತ ಮಾಡ್ತ, ಪಾಪ!"

ಸಿದ್ದಾಪುರದ ಕಡೆ ಒಂದು ಉಪನಯನ. ಅತ್ತೆ ಪಂಕ್ತಿಯಲ್ಲಿ ಕೋಸಂಬರಿ ಬಡಿಸುತ್ತಿದ್ದಳು. ಹಿರಿಯ ಹೆಂಗಸೊಬ್ಬರು ಅವಳ ಕೈ ನೋಡಿ ತಮ್ಮ ಎಲೆಗೆ ಅಂಗೈ ಅಡ್ಡ ಹಿಡಿದರು. ಅತ್ತೆ ಅಲ್ಲೇ ನಿಂತಳು.

"ಇದು ಮುಟ್ಟಿದ್ರೆ ಬಪ್ಪ ರೋಗ ಅಲ್ಲ. ನಿಂಗ ಉಣ್ಣದು ಬಿಟ್ರೂ ಆನು ಬಡಸದು ಬಿಡ್ತ್ನಿಲ್ಲೆ," ಎಂದವಳೇ ಮುಂದಿನ ಎಲೆಗೆ ಹೋದಳು. ಪಂಕ್ತಿ ಮುಗಿಸಿ ಪಾಯಸಕ್ಕೂ ಅವಳೇ ಬಂದಳು.

ನನ್ನನ್ನು ನೋಡಲು ವಜ್ರಳ್ಳಿಯ ಗಂಡಿನವರು ಬರುವ ಹಿಂದಿನ ದಿನ, ಅಂಗೈ ಕಾಣದಂತೆ ಒತ್ತಾಗಿ ಮದರಂಗಿ ಹಾಕಲು ದೊಡ್ಡಮ್ಮ ಕೂತಿದ್ದಳು. ಅತ್ತೆ ಕೋನು ಕಸಿದು ಅಂಗಳಕ್ಕೆ ಎಸೆದಳು.

"ಕೂಸಿನ ಕೈ ಇವತ್ತು ಮುಚ್ಚಿರೆ, ನಾಳೆ ಹುಟ್ಟೋ ಮಕ್ಕಳ ಕೈ ಎಲ್ಲಿ ಮುಚ್ಚಿಡದು?"

ಮರುದಿನ ಬಂದವರಿಗೆ ನಾನು ಬೆಲ್ಲ-ನೀರು ಕೊಡುವಾಗ, ಇದು ಮಕ್ಕಳಿಗೂ ಬರಬಹುದು ಎಂದು ಅವಳೇ ಹೇಳಿಬಿಟ್ಟಳು. ಅವರು ಬೆಲ್ಲವನ್ನೂ ಮುಟ್ಟದೆ ಎದ್ದರು. ನಾನು ಅತ್ತೆಗೆ ಬಾಯಿಗೆ ಬಂದದ್ದೆಲ್ಲ ಬೈದು ಅತ್ತುಬಿಟ್ಟೆ. ಅವಳು ಬಿಸಿನೀರಿನ ಬೋಗುಣಿ ತಂದು, ನನ್ನ ಕೈ ನೆನೆಸಿ, ಒಡಕಿಗೆ ಮುಲಾಮು ಹಚ್ಚುತ್ತ ಅಂದಳು: "ಅಳು, ತಂಗಿ. ಕೈ ಮಾತ್ರ ಮುಚ್ಚಡ."

ಮರುವರ್ಷ ಬಂದ ಹುಡುಗ ಕೈ ನೋಡಿ, "ಚಳಿಲಿ ನೋವು ಬತ್ತ?" ಎಂದು ಕೇಳಿದ. ಅವನನ್ನೇ ಮದುವೆಯಾದೆ. ನಮ್ಮ ಮಗಳ ಅಂಗೈಯೂ ದಪ್ಪವೇ. ಅವಳು ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಾಳಂತೆ.

ಹೋದ ಚಳಿಗಾಲ ಅತ್ತೆ ತೀರಿಕೊಂಡಳು. ನಾನು ಊರು ಮುಟ್ಟುವಷ್ಟರಲ್ಲಿ ಜಗುಲಿಯಲ್ಲಿ ಮಲಗಿಸಿದ್ದರು. ಯಾರೋ ಅವಳ ಎರಡೂ ಕೈಯನ್ನು ಬಟ್ಟೆಯೊಳಗೆ ಸೇರಿಸಿದ್ದರು. ನಾನು ಹೊರಗೆ ತೆಗೆದು ಎದೆಯ ಮೇಲಿಟ್ಟೆ. ದೊಡ್ಡಮ್ಮ ಬಟ್ಟೆ ಎಳೆಯಲು ಬಂದಳು. ಅವಳ ಕೈ ತಡೆದೆ. ಬಂದವರೆಲ್ಲ ಮುಖಕ್ಕಿಂತ ಮೊದಲು ಆ ಅಂಗೈಗಳನ್ನೇ ನೋಡಿದರು. ನೋಡಲಿ.