ಮೂಕಿ ಚಿತ್ರಕ್ಕೊಬ್ಬ ಭಾಗವತರು

ಗರಾಜಿನ ಪೆಟ್ಟಿಗೆಯೊಂದರಲ್ಲಿ ಮೊನ್ನೆ ಕಂಚಿನ ತಾಳಗಳು ಸಿಕ್ಕವು. ಒಂದಕ್ಕೊಂದು ತಾಗಿಸಿದೆ ಅಷ್ಟೇ, ಮಿಲ್ಪಿಟಾಸಿನ ಆ ಹಳೇ ಅಪಾರ್ಟ್‌ಮೆಂಟು, ಪಕ್ಕದ ಮನೆಯ ಭಾಗವತರು, ಎಲ್ಲ ನೆನಪಾಯಿತು...

ಭಾಗವತರೆಂದರೆ ಹಗಲೆಲ್ಲ ಚಿಪ್ ಕಂಪನಿಯಲ್ಲಿ ಟೆಸ್ಟಿಂಗು ಮಾಡುತ್ತಿದ್ದವರು. ಊರು ಉಡುಪಿ ಕಡೆ. ಅಲ್ಲಿ ಯಕ್ಷಗಾನಕ್ಕೆ ಹಾಡುತ್ತಿದ್ದರಂತೆ. ತಾಳ ಹಿಡಿಯಲು ಕಲಿಸಿದ್ದು ಅವರಣ್ಣ. ಡಾಟ್‌ಕಾಮ್ ಭರಾಟೆಯಲ್ಲಿ ನಾವೆಲ್ಲ ಸ್ಟಾಕ್ ಆಪ್ಷನ್ನು ಎಂದು ಕುಣಿಯುತ್ತಿದ್ದರೆ ಈ ಪುಣ್ಯಾತ್ಮರಿಗೆ ಲೈಬ್ರರಿಯ ಮೂಕಿ ಚಿತ್ರಗಳ ಹುಚ್ಚು. ಅದರಲ್ಲೂ ಹಳೆಯ ಗ್ರೀಕ್ ದುರಂತ ನಾಟಕಗಳಿಂದ ತೆಗೆದವು. ಶನಿವಾರ ಮಧ್ಯಾಹ್ನ ಕ್ಯಾಸೆಟ್ಟು ಹಾಕಿ, ಟಿವಿ ಪಕ್ಕ ಚಕ್ಕಳಮಕ್ಕಳ ಕೂತು, ಅಲ್ಲಲ್ಲೇ ಪದ ಕಟ್ಟಿ ಹಾಡುತ್ತಿದ್ದರು. ಪದ ಮುಗಿದೊಡನೆ ತಾಳ ನಿಲ್ಲಿಸಿ ಸುಮ್ಮನಾಗುತ್ತಿದ್ದರು. ಪರದೆಯ ಮೇಲೆ ಬರೀ ತುಟಿಗಳು ಆಡುತ್ತಿದ್ದವು.

"ಯಾಕೆ ನಿಲ್ಸಿದ್ರಿ, ಕಾಫಿ ಬೇಕಾ?" ಎಂದು ಛೇಡಿಸಿದ್ದೆ.

"ಪದ ನಂದು, ಅರ್ಥ ಅಂದ್ರೆ ಮಾತು, ಅದು ವೇಷಧಾರಿದು ಮಾರಾಯ್ತಿ. ಅವ್ರಿಗೆ ಮಾತಾಡ್ಲಿಕ್ಕೆ ಜಾಗ ಬಿಡ್ಬೇಕಲ್ಲ?"

ಆ ವರ್ಷ ಅವರಣ್ಣ ಊರಲ್ಲಿ ತೀರಿಕೊಂಡರು. ಗ್ರೀನ್ ಕಾರ್ಡಿನ ಅರ್ಜಿ ಇನ್ನೂ ನಡೆಯುತ್ತಿತ್ತು. ಪ್ರಯಾಣಕ್ಕೆ ಅನುಮತಿ ಬರುವ ಮೊದಲು ದೇಶ ಬಿಟ್ಟರೆ ಅರ್ಜಿಯೇ ರದ್ದು. ಹೆಂಡತಿ ಮಕ್ಕಳದೂ ಅದಕ್ಕೇ ತಗುಲಿಕೊಂಡಿತ್ತು. ಭಾಗವತರು ಹೋಗಲಿಲ್ಲ.

ಸೂತಕ ಕಳೆದ ಮೇಲೆ ಒಂದು ಶನಿವಾರ, ಅವರ ಮನಸ್ಸು ಹಗುರಾಗಲಿ ಎಂದು ನಾನೇ ಕ್ಯಾಸೆಟ್ಟು ತಂದೆ. ಕಥೆ ನನಗೇನು ಗೊತ್ತು... ಸತ್ತ ಅಣ್ಣನ ಹೆಣವನ್ನು ಯಾರೂ ಮಣ್ಣು ಮಾಡಕೂಡದೆಂದು ರಾಜನ ಅಪ್ಪಣೆ. ತಂಗಿ ಅದನ್ನು ಮೀರಿ ಹೋಗಿ ಬೊಗಸೆಯಲ್ಲಿ ಮಣ್ಣು ಸುರಿಯುತ್ತಾಳೆ. ಟಿವಿ ಆರಿಸಲು ಎದ್ದೆ. ಅವರು ಬೇಡವೆಂದು ಕೈ ತೋರಿಸಿದರು.

ಅವಳ ತುಟಿ ಆಡುತ್ತಿತ್ತು. ಭಾಗವತರು ತಾಳ ಕೆಳಗಿಟ್ಟರು. ಎಂದೂ ಅರ್ಥ ಹೇಳದ ಮನುಷ್ಯ ಅಂದು ಮೆಲ್ಲನೆ ಹೇಳಿದರು.

"ಅಣ್ಣ, ಇವ್ಳು ಬಂದ್ಲು. ನಂಗೆ ಬರ್ಲಿಕ್ಕೆ ಆಗ್ಲಿಲ್ಲ."

ಆಮೇಲೆ ಅವರು ಹಾಡಿದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ. ಕೊನೆಗೆ ಕಂಪನಿಯೇ ಮುಚ್ಚಿತು, ಅರ್ಜಿಯೂ ಅದರ ಜೊತೆ ಹೋಯಿತು. ಯಾವುದಕ್ಕಾಗಿ ಅಣ್ಣನ ಮುಖ ನೋಡದೆ ಉಳಿದರೋ ಅದೂ ಸಿಗಲಿಲ್ಲವಲ್ಲ ಎಂದು ನನಗೇ ಹೊಟ್ಟೆ ಉರಿಯಿತು. ಊರಿಗೆ ಹೊರಟ ದಿನ ತಾಳ ನನ್ನ ಕೈಗಿಟ್ಟು, "ಇಟ್ಕೊ" ಎಂದರು.

ಹೋದ ತಿಂಗಳು ಅವರೂ ತೀರಿಹೋದರು. ಸುದ್ದಿ ನನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಿನ್ನೆ ಫೋನಿನಲ್ಲಿ ಆ ಚಿತ್ರ ಹುಡುಕಿ ಹಾಕಿದೆ. ಅವಳು ಮಣ್ಣು ಸುರಿಯುವಾಗ ಒಮ್ಮೆ ತಾಳ ತಟ್ಟಿ ನಿಲ್ಲಿಸಿದೆ. ಭಾಗವತರು ಮಾತಾಡಲೆಂದು ಜಾಗ ಬಿಟ್ಟು, ಸುಮ್ಮನೆ ಕೂತೆ.