ಬುತ್ತಿ ಡಬ್ಬಿಯಲ್ಲಿ ಇದ್ದದ್ದು

ಗಂಡನ ಮನೆ ಬಿಟ್ಟು ತವರೂರು ಆದೋನಿಗೆ ಬಂದಾಗ ನನ್ನ ಜೊತೆ ಬಂದದ್ದು ಒಂದು ಏರ್‌ಬ್ಯಾಗ್. ಹೊರಡುವ ದಿನ ಅತ್ತೆ ಅದನ್ನು ಅಂಗಳದಲ್ಲಿ ಬಿಚ್ಚಿಸಿದ್ದರು. ನಾನು ಏನಾದರೂ ಕದ್ದೊಯ್ಯುತ್ತೇನೋ ಎಂದು ಒಂದೊಂದೇ ಸೀರೆಯ ಮಡಿಕೆ ಬಿಡಿಸಿ ಝಾಡಿಸಿದರು. ಓಣಿಯವರು ಕಟ್ಟೆಯ ಮೇಲೆ ಕೂತು ನೋಡಿದರು. ಗಂಡ ಬಾಗಿಲಲ್ಲಿ ನಿಂತು ಮೊಬೈಲ್ ನೋಡುತ್ತಿದ್ದ. ಅವನು ಇನ್ನೊಬ್ಬಳನ್ನು ಕಟ್ಟಿಕೊಂಡದ್ದು ಕೂಡ ನನ್ನನ್ನು ಅಷ್ಟು ಸುಡಲಿಲ್ಲ. ಆ ಸೀರೆ ಝಾಡಿಸಿದ್ದು ಸುಟ್ಟಿತು. ಏನೂ ಸಿಗದಿದ್ದಾಗ ಎಲ್ಲವನ್ನೂ ಮುದ್ದೆ ಮಾಡಿ ತುರುಕಿ, ಬ್ಯಾಗನ್ನು ಕಾಲಿನಿಂದ ನನ್ನತ್ತ ಸರಿಸಿದರು.

ಅವ್ವನ ಮನೆಯಲ್ಲಿ ಅದು ಮಂಚದ ಕೆಳಗೆ ಹೋಯಿತು. ಜಿಪ್ಪು ನಾನು ತೆಗೆಯಲಿಲ್ಲ, ಯಾರಿಗೂ ತೆಗೆಯಲು ಬಿಡಲಿಲ್ಲ. ಅವ್ವ ಕಸ ಗುಡಿಸುವಾಗ ಅದರ ಸುತ್ತ ಗುಡಿಸುತ್ತಿದ್ದಳು. ನಾನು ಅವ್ವನ ಹಳೇ ಸೀರೆ ಉಟ್ಟುಕೊಂಡು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾ, ಬಂದವರಿಗೆಲ್ಲ ಆ ಅಂಗಳದ ಕಥೆ ಹೇಳುತ್ತಿದ್ದೆ. ಗ್ಯಾಸ್ ಸಿಲಿಂಡರ್ ತಂದವನಿಗೂ ಹೇಳಿದ್ದೇನೆ. ಪಾಪ, ಖಾಲಿ ಸಿಲಿಂಡರ್ ಹೆಗಲ ಮೇಲೆ ಇಟ್ಟುಕೊಂಡೇ ಪೂರ್ತಿ ಕೇಳಿದ.

ಅವ್ವನ ತಂಗಿ, ನಮ್ಮ ಚಿಗವ್ವ, ದೇವನಕೊಂಡದ ಹತ್ತಿರ ಹೊಲಮನೆ ಮಾಡಿಕೊಂಡು ಇದ್ದಾಳೆ. ಈ ಸಲ ಮೊದಲ ಮಳೆ ಬಿದ್ದ ಮರುದಿನವೇ ಆಕೆ ನಮ್ಮಲ್ಲಿಗೆ ಬಂದಳು. ನಮ್ಮ ಕಡೆ ಮುಂಗಾರು ಶುರುವಾದರೆ ತುಗ್ಗಲಿ ಸುತ್ತಲಿನ ಕೆಂಪು ಹೊಲಗಳಲ್ಲಿ ಜನ ವಜ್ರ ಹುಡುಕುತ್ತಾರೆ. ಮಳೆಗೆ ಮಣ್ಣು ತೊಳೆದು ಹರಳು ಮೇಲೆ ಬರುತ್ತವೆ. ವರ್ಷವೂ ಯಾರಿಗೋ ಸಿಕ್ಕಿತೆಂದು ಸುದ್ದಿ ಬರುತ್ತದೆ, ನಮಗೆ ಗೊತ್ತಿರುವ ಯಾರಿಗೂ ಮಾತ್ರ ಸಿಕ್ಕಿಲ್ಲ.

"ನಾಳೆ ನೀನೂ ಬಾ," ಅಂದಳು ಚಿಗವ್ವ.

"ನಾಲ್ಕು ಮಂದ್ಯಾಗ ಯಾವ ಮುಖ ಇಟ್ಕೊಂಡು ಬರ್ಲಿ?"

"ಅಲ್ಲಿ ಎಲ್ರೂ ತಲಿ ತಗ್ಗಿಸ್ಕೊಂಡೇ ಇರ್ತಾರವ್ವ. ನಿನ್ನ ಮುಖ ನೋಡಾಕ ಯಾರಿಗೈತಿ ಟೈಮು?"

ಆಕೆ ಹೇಳಿದ್ದು ನಿಜವಾಗಿತ್ತು. ಬೆಳಿಗ್ಗೆ ಬಸ್ಸಿಳಿದು ನೋಡಿದರೆ ಕಣ್ಣು ಹಾಯುವವರೆಗೂ ಕೆಂಪು ನೆಲ, ಅದರ ತುಂಬ ಬಾಗಿದ ಬೆನ್ನುಗಳು. ಲುಂಗಿಯವರು, ಪ್ಯಾಂಟಿನವರು, ಬುರ್ಖಾ ಹಾಕಿದವರು, ಕುರಿ ಬಿಟ್ಟು ಬಂದವರು. ಅಷ್ಟೊಂದು ಜನ ಇದ್ದೂ ಸದ್ದೇ ಇರಲಿಲ್ಲ. ಇಷ್ಟು ಜನ ಒಂದೇ ಆಸೆಗೆ ಹೀಗೆ ಸುಮ್ಮನಾಗಬಲ್ಲರೆ ಎಂದು ನಾನು ದಂಗಾಗಿ ನಿಂತೆ.

ಬದುವಿನ ಬೇವಿನ ಮರದ ಕೆಳಗೆ ಒಬ್ಬ ಮುದುಕಿ ಕೂತಿದ್ದಳು. "ಆ ಅಮ್ಮಂದೇ ಹೊಲ," ಎಂದು ಚಿಗವ್ವ ಪಿಸುಗುಟ್ಟಿದಳು. "ಹುಡುಕಾಕ ಬಿಡ್ತಾಳ. ಆದ್ರ ಹೋಗುವಾಗ ಉಡಿ, ಚೀಲ ಬಿಚ್ಚಿ ತೋರಿಸ್ಬೇಕು."

ನಾನು ಅಲ್ಲೇ ನಿಂತೆ. ಮತ್ತೆ ಬಿಚ್ಚಿ ತೋರಿಸುವುದೆ? ವಾಪಸು ಹೋಗೋಣವೆಂದರೆ ಚಿಗವ್ವ ಆಗಲೇ ಹೊಲದ ನಡುವೆ ಇದ್ದಳು. ಬುತ್ತಿ ತಿಂದ ಮೇಲೂ ನಾನು ಹುಡುಕಿದ್ದು ಕಮ್ಮಿ, ಆ ಮುದುಕಿಗೆ ಕೊಡಬೇಕಾದ ಉತ್ತರಗಳನ್ನು ಮನಸ್ಸಿನಲ್ಲೇ ಜೋಡಿಸಿದ್ದು ಹೆಚ್ಚು. ಒಂದಕ್ಕಿಂತ ಒಂದು ಖಾರವಾಗಿದ್ದವು.

ಆಗ ನನ್ನ ಹೆಬ್ಬೆರಳಿನ ಹತ್ತಿರ ಏನೋ ಕೆಂಪಗೆ ಅಲುಗಿತು. ಆರುದ್ರ ಪುರುಗು! ಕನ್ನಡ ಆಡುವ ನಮ್ಮ ಮನೆಯಲ್ಲೂ ಅದಕ್ಕೆ ಆ ತೆಲುಗು ಹೆಸರೇ. ಜೋಳದ ಕಾಳಿಗಿಂತ ತುಸು ದೊಡ್ಡದು, ಮೈಯೆಲ್ಲ ಮಖಮಲ್ಲು, ಮೊದಲ ಮಳೆಗಷ್ಟೇ ನೆಲದಿಂದ ಎದ್ದು ಬರುವ ಹುಳ. ಮುಟ್ಟಿದರೆ ಕಾಲು ಮಡಚಿಕೊಂಡು ಸತ್ತ ಹಾಗೆ ನಟಿಸುತ್ತದೆ. ಚಿಕ್ಕವಳಿದ್ದಾಗ ಬೆಂಕಿಪೆಟ್ಟಿಗೆಯಲ್ಲಿ ಸಾಕುತ್ತಿದ್ದೆ. ಆಮೇಲೆ ಕಂಡಿರಲೇ ಇಲ್ಲ. ಕೂತು ನೋಡಿದೆ. ಅದರಾಚೆ ಇನ್ನೊಂದು, ಮತ್ತೊಂದು. ಕಣ್ಣು ಪಳಗಿದ ಮೇಲೆ ಆ ಮಡಿಯ ತುಂಬ ಅವೇ! ಇಷ್ಟು ಹೊತ್ತು ಇವುಗಳ ನಡುವೆಯೇ ನಡೆದಿದ್ದೆ. ಈ ಬಣ್ಣವನ್ನು ಇಡೀ ವರ್ಷ ನೆಲ ಎಲ್ಲಿ ಬಚ್ಚಿಟ್ಟಿರುತ್ತದೆ? ನನ್ನ ಮೈ ಜುಮ್ಮೆಂದಿತು. ಎಷ್ಟೋ ತಿಂಗಳಾದ ಮೇಲೆ ನಾನು ಅತ್ತೆಯನ್ನೂ ಅಂಗಳವನ್ನೂ ಮರೆತಿದ್ದೆ, ಮರೆತದ್ದೂ ಆಗ ಗೊತ್ತಾಗಲಿಲ್ಲ. ಖಾಲಿ ಬುತ್ತಿ ಡಬ್ಬಿಗೆ ಹಸಿ ಮಣ್ಣು ಹಾಕಿ, ಕೆಲವನ್ನು ಎತ್ತಿಟ್ಟುಕೊಂಡೆ, ಅವ್ವನಿಗೆ ತೋರಿಸಲು.

ಬದುವಿನ ಹತ್ತಿರ ಬಂದಾಗ ಮುದುಕಿ ಕೈ ಅಡ್ಡ ಹಿಡಿದಳು. "ಏಮ್ಮಾ, ಡಬ್ಬಿ ಯಾಕ ಹಂಗ ಎದಿಗೆ ಅವಚ್ಕೊಂಡಿ? ಮುಚ್ಚಳ ತೆಗಿ."

ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಸುತ್ತ ಜನ ತಲೆಯೆತ್ತಿ ನೋಡತೊಡಗಿದರು. ನಾನು ಮುಚ್ಚಳ ತೆಗೆದೆ.

ಮುದುಕಿ ಬಗ್ಗಿ ನೋಡಿದಳು.

"ಅಯ್ಯೋ ನಾ ತಲ್ಲೀ, ನನ್ನವ್ವ," ಅಂದಳು. "ಇವು ಇನ್ನಾ ಅದಾವ? ನನ್ನ ಹೊಲದಾಗ? ಔಷಧ ಹೊಡದು ಹೊಡದು ಎಲ್ಲಾ ಹೋದ್ವು ಅನ್ಕೊಂಡಿದ್ದೆ." ತಪಾಸಣೆಗೆ ಚಾಚಿದ ಕೈಯನ್ನೇ ಬೊಗಸೆ ಮಾಡಿದಳು. "ಒಂದು ಕೊಡವ್ವ. ನಾನೂ ಹಿಡಿತೀನಿ."

ಬಿರುಕು ಬಿಟ್ಟ ಆ ಅಂಗೈಯಲ್ಲಿ ಹುಳ ಕಾಲು ಬಿಚ್ಚಿ ನಡೆಯಿತು. ವಜ್ರಕ್ಕೆ ಬಂದವರೆಲ್ಲ ಸುತ್ತ ನೆರೆದು "ನಮಗೂ, ನಮಗೂ" ಎಂದು ಕೈ ಚಾಚಿದರು. ನನಗೆ ಅಳು ಬಂತು, ನಗುವೂ ಬಂತು. ಬಿಚ್ಚಿ ತೋರಿಸುವುದರಲ್ಲಿ ಇಂಥದ್ದೂ ಇರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ.

"ಡಬ್ಬ್ಯಾಗ ಬದುಕಂಗಿಲ್ಲ ಇವು, ಇಲ್ಲೇ ಬಿಟ್ಟೋಗು," ಅಂದಳು ಮುದುಕಿ. ಇಬ್ಬರೂ ಕೂತು ಒಂದೊಂದಾಗಿ ಬಿಟ್ಟೆವು. ಚಿಗವ್ವ ತಂದ ಹೊಳೆಯುವ ಕಲ್ಲುಗಳನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ ಎಂದು ಆಕೆಗೆ ದಾರಿಯುದ್ದಕ್ಕೂ ಸಿಟ್ಟು.

ಮರುದಿನ ಬೆಳಿಗ್ಗೆ ಮಂಚದ ಕೆಳಗಿನಿಂದ ಬ್ಯಾಗ್ ಎಳೆದೆ. ಜಿಪ್ಪಿನ ಸದ್ದಿಗೆ ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ಮುದ್ದೆಯಾಗಿದ್ದ ಸೀರೆಗಳನ್ನು ಅಂಗಳಕ್ಕೆ ತಂದು, ಒಂದೊಂದನ್ನೂ ಝಾಡಿಸಿ ತಂತಿಯ ಮೇಲೆ ಹರವಿದೆ. ಹಳದಿ, ಗಿಳಿಹಸಿರು, ಕೆಂಪು. ಇಷ್ಟು ಬಣ್ಣ ಇಷ್ಟು ದಿನ ನನ್ನ ಮಂಚದ ಕೆಳಗೇ ಇತ್ತೆ ಎಂದು ಬೆರಗಿನಿಂದ ನೋಡುತ್ತಾ ನಿಂತೆ.

ಪಕ್ಕದ ಮನೆಯಮ್ಮ ಗೋಡೆಯ ಮೇಲಿಂದ ಇಣುಕಿದರು. "ಭಾಳ ಚಲೋ ಅದಾವಲ್ಲಮ್ಮಾ! ಯಾರವು ಇವು?"

"ನನ್ನವು ರೀ," ಅಂದೆ. "ಎಲ್ಲಾ ನನ್ನವೇ."